ಹೆಂಡತಿಯ ಊರಲ್ಲಿ ಕಾಫಿ ತೋಟ: ಫ್ಲೋರೆಸ್‌ನಲ್ಲಿ ಜಮೀನು ತಗೊಳ್ಳಬಹುದಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವನು. ಒಂಬತ್ತು ವರ್ಷದಿಂದ ಜಕಾರ್ತದಲ್ಲಿ ಕೆಲಸದಲ್ಲಿದ್ದೇನೆ. ಹೆಂಡತಿ ಇಂಡೋನೇಷ್ಯಾದವಳು, ಫ್ಲೋರೆಸ್ ದ್ವೀಪದ ಮಂಗರಾಯ್ ಸೀಮೆಯವಳು. ಮದುವೆಯಾಗಿ ನಾಲ್ಕು ವರ್ಷ, ಎರಡು ವರ್ಷದ ಮಗಳಿದ್ದಾಳೆ. ಅವಳ ಊರು ರುತೆಂಗ್ ಪಟ್ಟಣದಿಂದ ಒಂದೂವರೆ ಗಂಟೆ ದಾರಿ. ಕಾಫಿ, ಭತ್ತ ಬೆಳೆಯುತ್ತಾರೆ. ಅಲ್ಲಿ ಮೂರು ಎಕರೆಯಷ್ಟು ಕಾಫಿ ತೋಟ ಮಾರಾಟಕ್ಕಿದೆ. ಊರಲ್ಲಿ ನನ್ನ ಪಾಲಿಗೆ ಬಂದ ತೋಟ ಮಾರಿದ ದುಡ್ಡಿದೆ, ಅದನ್ನು ಹಾಕೋಣ ಅಂತ ಆಸೆ. ಮಾವನವರು "ಎಲ್ಲ ನಮ್ಮವರೇ, ಕಾಗದ ಆಮೇಲೆ ನೋಡಿದರಾಯಿತು" ಅನ್ನುತ್ತಾರೆ. ಸ್ನೇಹಿತರು "ಹೆಂಡತಿ ಹೆಸರಲ್ಲಿ ತಗೋ, ಏನೂ ಆಗಲ್ಲ" ಅನ್ನುತ್ತಾರೆ. ಇನ್ನೊಬ್ಬರು ಭಾವಮೈದುನನ ಹೆಸರಲ್ಲಿ ಮಾಡಿಸಿ, ಒಳಗೊಳಗೇ ಒಂದು ಕರಾರು ಬರೆಸಿಕೊ ಅಂದರು. ಅಪ್ಪ ಅಮ್ಮನನ್ನೂ ವರ್ಷಕ್ಕೆ ಕೆಲವು ತಿಂಗಳು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದೆ. ಅಪ್ಪನಿಗೆ 71, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಮುಂದುವರಿಯಲಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೇಲ್ನೋಟಕ್ಕೆ ಇದು ಯಾರ ಹೆಸರಲ್ಲಿ ತಗೊಳ್ಳಬೇಕು ಅನ್ನುವ ಪ್ರಶ್ನೆ. ಆದರೆ ಅದರ ಹಿಂದೆ ಇನ್ನೊಂದು ಆತಂಕ ಇದೆ. ಅಪ್ಪನ ಕಾಲದ ತೋಟ ಮಾರಿದ ದುಡ್ಡು, ಮತ್ತೆ ಸಿಗುವಂಥದ್ದಲ್ಲ, ಅದು ಕಳೆದುಹೋಗಬಾರದು, ಹಾಗಂತ ಹೆಂಡತಿಯ ಮನೆಯವರನ್ನು ನಂಬುವುದಿಲ್ಲ ಅನ್ನುವ ಹಾಗೂ ಕಾಣಬಾರದು. ಸರಿ ತಾನೇ? ನಾನು ಹನ್ನೆರಡು ವರ್ಷದಿಂದ ಬಾಲಿಯಲ್ಲಿದ್ದುಕೊಂಡು ಭಾರತದ ಕುಟುಂಬಗಳ ಜಮೀನಿನ ಕಾಗದ ನೋಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಫ್ಲೋರೆಸ್‌ಗೂ ಬೇಕಾದಷ್ಟು ಸಲ ಹೋಗಿ ಬಂದಿದ್ದೇನೆ. ನೇರವಾಗಿ ಹೇಳುತ್ತೇನೆ. ಈಗಿರುವ ಸ್ಥಿತಿಯಲ್ಲಿ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಹಾಗಂತ ಆಸೆ ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ. ದಾರಿ ಇದೆ, ಆದರೆ ಆ ದಾರಿಯ ಕೊನೆಯಲ್ಲಿ ಜಮೀನು ನಿಮ್ಮ ಹೆಂಡತಿಯದ್ದಾಗುತ್ತದೆ. ನಿಮ್ಮಿಬ್ಬರದ್ದಲ್ಲ, ಪೂರ್ತಿ ಅವರದ್ದು. ಅದಕ್ಕೆ ಮನಸ್ಸು ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ. ಉಳಿದದ್ದೆಲ್ಲ ಆಮೇಲಿನ ಮಾತು.

ಮೊದಲು ಭಾವಮೈದುನನ ಹೆಸರಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಅತಿ ಹೆಚ್ಚು ದುಡ್ಡು ಮುಳುಗುವುದು ಅಲ್ಲೇ. ಇಂಡೋನೇಷ್ಯಾದ ಜಮೀನಿಗೆಲ್ಲ ಮೂಲ 1960ರ ಭೂ ಕಾನೂನು. ಪೂರ್ತಿ ಮಾಲೀಕತ್ವಕ್ಕೆ ಅವರು ಹಕ್ ಮಿಲಿಕ್ ಅನ್ನುತ್ತಾರೆ. 21ನೇ ವಿಧಿ ಪ್ರಕಾರ ಅದು ಇಂಡೋನೇಷ್ಯಾ ಪ್ರಜೆಗಳಿಗೆ ಮಾತ್ರ. 26ನೇ ವಿಧಿ ಇನ್ನೂ ಕಠಿಣ. ನೇರವಾಗಿಯೋ ಸುತ್ತು ಬಳಸಿಯೋ ಜಮೀನನ್ನು ವಿದೇಶಿಯರ ಕೈಗೆ ಕೊಡುವ ಯಾವ ವ್ಯವಹಾರವೂ ಅಸಿಂಧು, ಜಮೀನು ಸರ್ಕಾರಕ್ಕೆ, ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗಿಲ್ಲ. ನಿಮ್ಮ ಸ್ನೇಹಿತರು ಹೇಳಿದ ಒಳ ಕರಾರು ಇದೇ ಸುತ್ತು ಬಳಸುವ ದಾರಿ. ಸಾಲದ ಪತ್ರ, ಅಡಮಾನ, ಮುಕ್ತ್ಯಾರು ಪತ್ರ ಅಂತ ಏನೇ ಹೆಸರಿಡಿ, ಕೋರ್ಟಿಗೆ ಹೋದರೆ ಆ ಕಾಗದ ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತದೆ. ನನ್ನ ಹತ್ತಿರ ಒಬ್ಬರು ಬಂದಿದ್ದರು, ಉತ್ತರ ಕರ್ನಾಟಕದವರು, ಸ್ನೇಹಿತನ ಹೆಸರಲ್ಲಿ ಜಾಗ ತಗೊಂಡಿದ್ದರು. ಸ್ನೇಹಿತ ತುಂಬಾ ಒಳ್ಳೆಯವನು, ಮೋಸ ಮಾಡಲಿಲ್ಲ. ಆದರೆ ಬೈಕ್ ಅಪಘಾತದಲ್ಲಿ ತೀರಿಹೋದ. ಅವನ ಹೆಂಡತಿಗೆ, ಅಣ್ಣತಮ್ಮಂದಿರಿಗೆ ಈ ಕರಾರಿನ ಸುದ್ದಿಯೇ ಗೊತ್ತಿರಲಿಲ್ಲ. ಜಾಗ ಅವರಿಗೆ ಹೋಯಿತು. ಅವರ ತಪ್ಪು ಅಂತ ಹೇಗೆ ಹೇಳುವುದು?

ನಮ್ಮ ದೇಶದಲ್ಲೂ ಇದಕ್ಕಿಂತ ಬೇರೆ ಏನಿಲ್ಲ. ನೀವು ಎನ್‌ಆರ್‌ಐ ಆಗಿರುವವರೆಗೆ ಮೂಡಿಗೆರೆಯಲ್ಲೇ ಮತ್ತೊಂದು ತೋಟ ದುಡ್ಡು ಕೊಟ್ಟು ತಗೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಹಾಗಾಗಿ ಇಂಡೋನೇಷ್ಯಾದವರು ವಿದೇಶಿಯರಿಗೆ ಮಾತ್ರ ಅನ್ಯಾಯ ಮಾಡುತ್ತಾರೆ ಅನ್ನುವ ಮಾತು ಸರಿಯಲ್ಲ. ಉಳುವವನ ನೆಲ ಹೊರಗಿನ ದುಡ್ಡಿಗೆ ಹೋಗಬಾರದು ಅನ್ನುವುದು ಎರಡೂ ಕಡೆ ಒಂದೇ ಕಾಳಜಿ.

ಈಗ ಹೆಂಡತಿ ಹೆಸರು. "ಅವಳು ಇಲ್ಲಿಯ ಪ್ರಜೆ, ಅವಳ ಹೆಸರಲ್ಲಿ ತಗೊಂಡರೆ ಏನೂ ಆಗಲ್ಲ" ಅನ್ನುವುದು ಅರ್ಧ ಸತ್ಯ. ಇಂಡೋನೇಷ್ಯಾದಲ್ಲಿ ಮದುವೆಯ ನಂತರ ಗಳಿಸಿದ್ದು ಗಂಡ ಹೆಂಡತಿ ಇಬ್ಬರ ಜಂಟಿ ಆಸ್ತಿ. ಅಂದರೆ ಅವರು ಜಮೀನು ತಗೊಂಡ ಕೂಡಲೇ ಅರ್ಧ ಪಾಲು ಒಬ್ಬ ವಿದೇಶಿಯದ್ದು, ಅಂದರೆ ನಿಮ್ಮದು. ಆಗ 21ನೇ ವಿಧಿ ಅಡ್ಡ ಬರುತ್ತದೆ, ಒಂದು ವರ್ಷದೊಳಗೆ ಆ ಹಕ್ಕು ಬಿಟ್ಟುಕೊಡಬೇಕಾಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮಾರಿದವನಿಗೂ ಗೊತ್ತಿರುವುದಿಲ್ಲ, ಊರಿನ ಮುಖ್ಯಸ್ಥನಿಗೂ ಗೊತ್ತಿರುವುದಿಲ್ಲ. ಹತ್ತು ವರ್ಷ ಸುಮ್ನೆ ಇರುತ್ತದೆ. ಮಾರಲು ಹೋದಾಗ, ಸಾಲ ಕೇಳಿದಾಗ, ಅಥವಾ ಯಾರೋ ಆಗದವರು ಅರ್ಜಿ ಕೊಟ್ಟಾಗ ಎದ್ದು ಬರುತ್ತದೆ.

ಇದಕ್ಕೆ ಪರಿಹಾರ ಮದುವೆಯ ಕರಾರು, ಅವರ ಭಾಷೆಯಲ್ಲಿ ಪೆರ್ಜಂಜಿಯಾನ್ ಕಾವಿನ್. "ನಮ್ಮಿಬ್ಬರ ಆಸ್ತಿ ಬೇರೆ ಬೇರೆ" ಅಂತ ನೋಟರಿ ಮುಂದೆ ಬರೆಸಿ ನೋಂದಾಯಿಸುವುದು. ಮೊದಲು ಇದನ್ನು ಮದುವೆಗೆ ಮುಂಚೆಯೇ ಮಾಡಬೇಕಿತ್ತು. ಆಗ ಮಾಡದಿದ್ದವರಿಗೆ ದಾರಿಯೇ ಇರಲಿಲ್ಲ. ಜಪಾನಿನವರನ್ನು ಮದುವೆಯಾಗಿದ್ದ ಒಬ್ಬ ಇಂಡೋನೇಷ್ಯಾದ ಮಹಿಳೆ, ತನ್ನದೇ ದೇಶದಲ್ಲಿ ತನಗೆ ಒಂದು ಅಪಾರ್ಟ್‌ಮೆಂಟ್ ತಗೊಳ್ಳಲು ಆಗುತ್ತಿಲ್ಲವಲ್ಲ ಅಂತ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 2016ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಅಲ್ಲಿಂದ ಮುಂದೆ ಮದುವೆಯಾದ ಮೇಲೂ ಈ ಕರಾರು ಮಾಡಬಹುದು. ನಿಮ್ಮಂಥ ನೂರಾರು ಕುಟುಂಬಗಳಿಗೆ ಆ ಹೆಣ್ಣುಮಗಳ ಹಠದಿಂದ ಬಾಗಿಲು ತೆರೆಯಿತು. ನಿಮ್ಮ ಮದುವೆ ಭಾರತದಲ್ಲಿ ನಡೆದಿದ್ದರೆ ಇನ್ನೊಂದು ಕೆಲಸ ಇದೆ. ಇಂಡೋನೇಷ್ಯಾದಲ್ಲಿ ಅದನ್ನು ನಾಗರಿಕ ನೋಂದಣಿ ಕಚೇರಿಗೆ ತಿಳಿಸಿದ್ದೀರಾ ನೋಡಿ. ಹೊರಗೆ ಮದುವೆಯಾದವರು ವಾಪಸ್ ಬಂದ ಒಂದು ವರ್ಷದೊಳಗೆ ದಾಖಲು ಮಾಡಬೇಕು. ಅದು ಇಲ್ಲದಿದ್ದರೆ ಕರಾರು ಎಲ್ಲಿಗೆ ಅಂಟಿಸುವುದು? ಮೊದಲು ಮದುವೆ ದಾಖಲೆ, ಆಮೇಲೆ ಕರಾರು, ಅದು ನೋಂದಣಿ ಆದ ಮೇಲೆ ಜಮೀನು. ಈ ಕ್ರಮ ತಪ್ಪಿಸಬೇಡಿ.

ಹೆಂಡತಿಯ ಗುರುತಿನ ಚೀಟಿಯಲ್ಲಿ ವಿಳಾಸ ಎಲ್ಲಿಯದು? ಜಕಾರ್ತದ್ದಾದರೆ ಅಲ್ಲೊಂದು ತೊಡಕಿದೆ. ಕೃಷಿ ಜಮೀನಿನ ಮಾಲೀಕರು ಆ ಜಮೀನು ಇರುವ ಕೆಚಮಾತಾನ್‌ನಲ್ಲೇ ವಾಸ ಇರಬೇಕು, ಅಂದರೆ ನಮ್ಮ ಹೋಬಳಿ ಅಂದುಕೊಳ್ಳಿ. ಪಕ್ಕದ್ದಾದರೆ ಸ್ವಲ್ಪ ವಿನಾಯಿತಿ. 1961ರ ನಿಯಮ ಇದು, ದೂರದಲ್ಲಿ ಕೂತು ಜಮೀನು ಹಿಡಿದುಕೊಳ್ಳುವವರನ್ನು ತಡೆಯಲು ಮಾಡಿದ್ದು. ಮನೆ ಕಟ್ಟುವ ನಿವೇಶನಕ್ಕೆ ಇದು ಅನ್ವಯ ಆಗುವುದಿಲ್ಲ, ತೋಟ ಗದ್ದೆಗೆ ಆಗುತ್ತದೆ. ಹೆಸರಿಗೆ ಮಾತ್ರ ವಿಳಾಸ ಬದಲಾಯಿಸಿದರೆ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ನಿಜವಾಗಿ ಅಲ್ಲಿ ಇರುವ ಆಲೋಚನೆ ಇದ್ದರೆ ಮಾತ್ರ ತೋಟ, ಇಲ್ಲದಿದ್ದರೆ ಮನೆ ಜಾಗ ಸಾಕು.

ಇಷ್ಟೆಲ್ಲ ಜಕಾರ್ತದ ಕಾನೂನು. ಮಂಗರಾಯ್‌ನಲ್ಲಿ ಇದರ ಜೊತೆಗೆ ಇನ್ನೊಂದು ಕಾನೂನಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ರುತೆಂಗ್‌ನಿಂದ ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ಚಂಚಾರ್ ಅಂತ ಊರು. ಗುಡ್ಡ ಹತ್ತಿ ನೋಡಿದರೆ ಕೆಳಗೆ ಗದ್ದೆಗಳು ಜೇಡರ ಬಲೆಯ ಹಾಗೆ ಕಾಣುತ್ತವೆ. ಪ್ರವಾಸಿಗರು ಫೋಟೋ ತೆಗೆದು ಹೊರಡುತ್ತಾರೆ. ಆದರೆ ಆ ಬಲೆ ಅಲ್ಲಿಯ ಪಹಣಿ ಇದ್ದ ಹಾಗೆ. ಊರಿನ ಸಾಮೂಹಿಕ ಜಮೀನಿಗೆ ಲಿಂಗ್ಕೊ ಅನ್ನುತ್ತಾರೆ. ಅದರ ನಡುಮಧ್ಯೆ ಲೊದೊಕ್, ಅಲ್ಲಿ ಒಂದು ಗೂಟ. ಜಮೀನು ಹಂಚುವ ಹಿರಿಯರಿಗೆ ತುಆ ತೆನೊ ಅನ್ನುತ್ತಾರೆ. ಅವರು ಆ ಗೂಟದ ಸುತ್ತ ಬೆರಳಿಟ್ಟು ಅಳೆಯುತ್ತಾರೆ. ಈ ಮನೆಗೆ ಇಷ್ಟು ಬೆರಳು, ಆ ಮನೆಗೆ ಅಷ್ಟು ಬೆರಳು. ಹೀಗೆ ಬೆರಳಳತೆಯಲ್ಲಿ ಸಿಗುವ ಪಾಲಿಗೆ ಮೊಸೊ ಅನ್ನುತ್ತಾರೆ. ಗೂಟದ ಹತ್ತಿರ ಒಂದು ಬೆರಳಿನಗಲ ಇರುವ ಪಾಲು ಹೊರಗಿನ ಗಡಿ ಮುಟ್ಟುವಾಗ ದೊಡ್ಡ ಗದ್ದೆಯಾಗಿ ಹರಡಿರುತ್ತದೆ. ಒಮ್ಮೆ ಒಬ್ಬ ಅಜ್ಜ ನೆಲದ ಮೇಲೆ ಕಡ್ಡಿ ನೆಟ್ಟು, ತನ್ನ ಕೈ ಅದರ ಪಕ್ಕ ಇಟ್ಟು ನನಗೆ ತೋರಿಸಿದರು. ಹೆಬ್ಬೆರಳಿನ ಉಗುರು ಸೀಳಿತ್ತು, ಮಣ್ಣು ಮೆತ್ತಿತ್ತು. "ಈ ಬೆರಳು ಜಾರಿದರೆ ಅಲ್ಲಿ ಕೊನೆಯಲ್ಲಿ ಒಂದು ಕುಟುಂಬದ ಊಟ ಜಾರುತ್ತದೆ" ಅಂದರು. ನಾನು ಅಂದಿನಿಂದ ಆ ಗದ್ದೆಗಳನ್ನು ನೋಡುವ ರೀತಿಯೇ ಬದಲಾಯಿತು.

ಅವರಲ್ಲಿ ಒಂದು ಮಾತಿದೆ: ಗೆಂದಾಂಗ್ ಒನೆ, ಲಿಂಗ್ಕೊ ಪೆಆಂಗ್. ಒಳಗೆ ನಗಾರಿಯ ಮನೆ, ಅಂದರೆ ಕುಲದ ನಗಾರಿ ಇಟ್ಟಿರುವ ಹಿರಿಮನೆ, ಹೊರಗೆ ಹೊಲ. ಎರಡೂ ಒಂದೇ ದೇಹ ಅನ್ನುವ ಅರ್ಥ. ಹಾಗಾಗಿ ನಿಮಗೆ ಮಾರಲು ಬಂದವನು ಆ ಜಮೀನನ್ನು ಮೂವತ್ತು ವರ್ಷ ಉಳುತ್ತಿರಬಹುದು, ಕಾಫಿ ಗಿಡ ಅವನೇ ನೆಟ್ಟಿರಬಹುದು, ಆದರೂ ಹೊರಗಿನವರಿಗೆ ಮಾರುವ ಹಕ್ಕು ಅವನೊಬ್ಬನದ್ದು ಆಗಿರಬೇಕು ಅಂತಿಲ್ಲ. ತುಆ ತೆನೊ, ಕುಲದ ಹಿರಿಯರು, ಪಕ್ಕದ ಪಾಲಿನವರು ಎಲ್ಲ ಒಪ್ಪಬೇಕು. ಮಾವನವರು "ಎಲ್ಲ ನಮ್ಮವರೇ" ಅಂದದ್ದು ಸುಳ್ಳಲ್ಲ. ಅದನ್ನೇ ನೀವು ಕಾಗದಕ್ಕೆ ತರಬೇಕು. ನಗಾರಿ ಮನೆಯಲ್ಲಿ ಎಲ್ಲರನ್ನೂ ಕೂರಿಸಿ, ಗಡಿಯ ನಾಲ್ಕೂ ಕಡೆಯವರ ಹೆಸರು ಓದಿಸಿ, ಹತ್ತು ಸಾವಿರ ರೂಪಿಯಾದ ಮೆತೆರಾಯ್ ಚೀಟಿ (ನಮ್ಮ ರೆವೆನ್ಯೂ ಸ್ಟಾಂಪ್ ಥರದ್ದು) ಅಂಟಿಸಿ ಸಹಿ ಹೆಬ್ಬೆಟ್ಟು ಹಾಕಿಸಿ. ಕಾಫಿ, ಎಲೆ ಅಡಿಕೆ, ಒಂದು ಹುಂಜ, ಅರ್ಧ ದಿನ, ಇಷ್ಟು ಖರ್ಚಾಗುತ್ತದೆ. ಹೊರಗಿನವರು ಇದನ್ನು ಶಾಸ್ತ್ರ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದು ನೋಂದಣಿಯಷ್ಟೇ ಮುಖ್ಯ.

ಮಾರುವವರ ಹತ್ತಿರ ಏನು ಕಾಗದ ಇದೆ ಅಂತ ನೀವು ಬರೆದಿಲ್ಲ. ಬಹುಶಃ ತೆರಿಗೆ ರಸೀದಿ ತೋರಿಸಿರುತ್ತಾರೆ. ನಮ್ಮ ಕಡೆ ಕಂದಾಯ ಕಟ್ಟಿದ ರಸೀದಿ ತೋರಿಸಿ ಸೈಟು ಮಾರುತ್ತಾರಲ್ಲ, ಹಾಗೇ ಇದು. ತೆರಿಗೆ ಕಟ್ಟಿದವರು ಯಾರು ಅಂತ ಮಾತ್ರ ಅದು ಹೇಳುತ್ತದೆ. ಗಿರಿಕ್ ಅನ್ನುವ ಹಳೆಯ ಕಂದಾಯದ ಚೀಟಿ, ಅಂಥ ಬೇರೆ ಹಳೆಯ ಕಾಗದಗಳೂ ಅಷ್ಟೇ. 2021ರ ಸರ್ಕಾರಿ ನಿಯಮ ಅವನ್ನು ನೋಂದಾಯಿಸಿಕೊಳ್ಳಲು ಐದು ವರ್ಷ ಕೊಟ್ಟಿತ್ತು, 2026ರ ಫೆಬ್ರವರಿಗೆ ಆ ಗಡುವು ಮುಗಿಯಿತು. ಈಗ ಅವು ಮಾಲೀಕತ್ವದ ಸಾಕ್ಷಿ ಅಲ್ಲ, ಬರೀ ಸುಳಿವು. ಜಿಲ್ಲೆಯ ಭೂ ಕಚೇರಿ ಕೊಟ್ಟ ಪ್ರಮಾಣಪತ್ರ ಇದ್ದರೆ ಮಾತ್ರ ಮಾತು ಮುಂದುವರಿಸಿ. ಇಲ್ಲದಿದ್ದರೆ ಮೊದಲು ಅವರೇ ಅವರ ಹೆಸರಿಗೆ ಮಾಡಿಸಿಕೊಳ್ಳಲಿ, ಆಮೇಲೆ ಮಾರಲಿ. ಸರ್ಕಾರ 2017ರಿಂದ ಊರೂರಿಗೆ ಒಟ್ಟಿಗೇ ಅಳತೆ ಮಾಡಿ ಪತ್ರ ಕೊಡುವ ಯೋಜನೆ ನಡೆಸುತ್ತಿದೆ, ಆ ಊರಿನ ಸರದಿ ಬಂದಿದೆಯಾ ಅಂತ ಕೇಳಿ. ಮಾರಾಟ ಪತ್ರವನ್ನು ಅಧಿಕೃತ ಭೂ ಪತ್ರ ಅಧಿಕಾರಿಯ ಮುಂದೆಯೇ ಮಾಡಬೇಕು. ಅಂಥವರು ಇಲ್ಲದ ಕಡೆ ಕೆಚಮಾತಾನ್‌ನ ಮುಖ್ಯಸ್ಥರಿಗೇ ಆ ಅಧಿಕಾರ ಕೊಟ್ಟಿರುತ್ತಾರೆ. ಕೊಳ್ಳುವವರಿಗೆ ಶೇ. 5ರವರೆಗೆ, ಮಾರುವವರಿಗೆ ಶೇ. 2.5 ತೆರಿಗೆ. ಮಾರುವವರ ತೆರಿಗೆಯನ್ನೂ ನೀವೇ ಕಟ್ಟಿ ಅನ್ನುವುದು ಹಳ್ಳಿಗಳಲ್ಲಿ ಮಾಮೂಲು, ಮೊದಲೇ ಮಾತಾಡಿಕೊಳ್ಳಿ.

ಮೂಡಿಗೆರೆಯವರಾದ ನಿಮಗೆ ಇನ್ನೊಂದು ವಿಷಯ ಬೇಗ ಅರ್ಥ ಆಗುತ್ತದೆ. ಅದು ಅರಣ್ಯದ ಗಡಿ. ಮಲೆನಾಡಿನಲ್ಲಿ ಅಜ್ಜನ ಕಾಲದಿಂದ ಉಳುತ್ತಿದ್ದ ತೋಟ ಒಂದು ದಿನ ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಎಂದೇ ಪರಿಗಣಿಸಿದ ಜಾಗ, ಅಂತ ಆಗುವುದನ್ನು ನೀವು ನೋಡಿರುತ್ತೀರಿ. ಮಂಗರಾಯ್‌ನಲ್ಲಿ ಆ ಗಾಯ ಇನ್ನೂ ಆಳವಾಗಿದೆ. ರುತೆಂಗ್ ಸುತ್ತಲಿನ ಬೆಟ್ಟಗಳಲ್ಲಿ ಸುಮಾರು 32 ಸಾವಿರ ಹೆಕ್ಟೇರ್ ಸಂರಕ್ಷಿತ ಅರಣ್ಯ ಇದೆ. ಗಡಿ ಕಲ್ಲು ಕೆಲವು ಡಚ್ಚರ ಕಾಲದವು, ಕೆಲವು ಆಮೇಲೆ ಬಂದವು. ಎಷ್ಟೋ ಊರುಗಳ ಕಾಫಿ ಆ ಕಲ್ಲುಗಳ ಆಚೆ ಇದೆ. ಚೋಲೋಲ್ ಅಂತ ಹಳೆಯ ಕಾಫಿ ಊರಿನ ಕಡೆ ಸರ್ಕಾರದವರು ಕಾಡಿನ ಒತ್ತುವರಿ ಅಂತ ಕಾಫಿ ಗಿಡಗಳನ್ನು ಕಡಿಸಿಹಾಕಿದರು, ರೈತರನ್ನು ಹಿಡಿದುಕೊಂಡು ಹೋದರು. ಅವರನ್ನು ಬಿಡಿಸಿಕೊಳ್ಳಲು ಊರಿನವರು ರುತೆಂಗ್‌ಗೆ ಬಂದಾಗ, 2004ರ ಮಾರ್ಚ್ 10ರಂದು, ಪೊಲೀಸರ ಗುಂಡಿಗೆ ರೈತರು ಸತ್ತರು. ಅಲ್ಲಿಯವರು ಇವತ್ತಿಗೂ ಆ ದಿನವನ್ನು ರಕ್ತದ ಬುಧವಾರ ಅನ್ನುತ್ತಾರೆ. ಊರಿನ ಹಿರಿಯರೆಲ್ಲ ಒಪ್ಪಿದರೂ, ಬೆರಳಿನ ಅಳತೆ ಸರಿಯಿದ್ದರೂ, ಜಾಗ ಅರಣ್ಯದ ನಕ್ಷೆಯೊಳಗಿದ್ದರೆ ಪ್ರಮಾಣಪತ್ರ ಸಿಗುವುದಿಲ್ಲ. ಮೂರು ಎಕರೆ ತೋಟ ಕಡಿಮೆ ಬೆಲೆಗೆ ಬರುತ್ತಿದೆ ಅಂದರೆ ನನಗೆ ಮೊದಲು ಬರುವ ಅನುಮಾನ ಇದೇ. ಜಾಗದ ನಾಲ್ಕು ಮೂಲೆಯ ಜಿಪಿಎಸ್ ಗುರುತು ತಗೊಂಡು ಭೂ ಕಚೇರಿಯಲ್ಲೂ ಅರಣ್ಯ ಇಲಾಖೆಯಲ್ಲೂ ನಕ್ಷೆಗೆ ಹೊಂದಿಸಿ ನೋಡಿ. ದೊಡ್ಡ ಖರ್ಚಿಲ್ಲ.

ಹಾಗಾದರೆ ದಾರಿ ಏನು? ನನಗೆ ಇಷ್ಟವಾದದ್ದು ಮೊದಲು ಹೇಳುತ್ತೇನೆ. ಮಂಗರಾಯ್‌ನಲ್ಲಿ ಜಮೀನು ಗಂಡುಮಕ್ಕಳಿಗೆ ಹೋಗುತ್ತದೆ, ಆದರೆ ಮದುವೆಯಾದ ಮಗಳಿಗೆ ತವರಿನವರು ಪ್ರೀತಿಯಿಂದ ಒಂದು ತುಂಡು ಜಾಗ ಕೊಡುವ ಪದ್ಧತಿಯೂ ಇದೆ, ವಿದಾಂಗ್ ಅನ್ನುತ್ತಾರೆ. ನಮ್ಮ ಅರಿಶಿನ ಕುಂಕುಮಕ್ಕೆ ಕೊಟ್ಟ ಜಮೀನಿನ ಹಾಗೆ. ಮಾವನವರ ಮನಸ್ಸಿನಲ್ಲಿ ಅಂಥದ್ದೇನಾದರೂ ಇದೆಯಾ ಅಂತ ಹೆಂಡತಿಯೇ ಕೇಳಲಿ, ನೀವು ಕೇಳಬೇಡಿ. ಸಣ್ಣ ಮನೆ ಜಾಗ ಆದರೆ ಸಾಕು. ಅದನ್ನು ಅಣ್ಣತಮ್ಮಂದಿರ ಒಪ್ಪಿಗೆ ಸಹಿತ ಪತ್ರ ಮಾಡಿಸಿ, ಪ್ರಮಾಣಪತ್ರ ಪಡೆದು, ಮನೆ ಕಟ್ಟಿ. ಕಾಫಿಯನ್ನು ಮಾವನವರ ತೋಟದಲ್ಲೇ ಪಾಲಿಗೆ ಮಾಡಿ. ನಿಮಗೆ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವುದು) ಗೊತ್ತು, ಒಣಗಿಸುವುದು ಗೊತ್ತು, ಮೂಡಿಗೆರೆಯ ಅನುಭವ ಅಲ್ಲಿ ಜಮೀನಿಗಿಂತ ಜಾಸ್ತಿ ಬೆಲೆ ಬಾಳುತ್ತದೆ. ಇದರಲ್ಲಿ ಅಪಾಯ ಇಲ್ಲದೇ ಇಲ್ಲ. ಮಾವನವರ ನಂತರ ಭಾವಮೈದುನರ ಮನಸ್ಸು ಹೇಗಿರುತ್ತದೋ. ಆದರೆ ಕಳೆದುಕೊಳ್ಳುವುದು ಕಡಿಮೆ.

ಎರಡನೆಯದು, ಮದುವೆ ಕರಾರು ಮಾಡಿಸಿ ತೋಟವನ್ನು ಹೆಂಡತಿಯ ಹೆಸರಿಗೆ ತಗೊಳ್ಳುವುದು. ಕಾನೂನಿಗೆ ಒಪ್ಪುತ್ತದೆ. ಆದರೆ ನಾಳೆ ಸಂಬಂಧ ಕೆಟ್ಟರೆ ನಿಮಗೆ ಅದರಲ್ಲಿ ಏನೂ ಇಲ್ಲ. ಅವರಿಗೇನಾದರೂ ಆದರೆ ನಿಮಗೆ ಬಂದ ಪಾಲನ್ನು ಒಂದು ವರ್ಷದೊಳಗೆ ಇಂಡೋನೇಷ್ಯಾ ಪ್ರಜೆಗೆ ವರ್ಗಾಯಿಸಲೇಬೇಕು, ಇಲ್ಲದಿದ್ದರೆ ಹಕ್ಕು ಹೋಗುತ್ತದೆ. ಇಲ್ಲಿ ಮಗಳ ಪಾಸ್‌ಪೋರ್ಟ್ ವಿಷಯ ಬರುತ್ತದೆ. ಇಂಡೋನೇಷ್ಯಾದ 2006ರ ಪೌರತ್ವ ಕಾನೂನು ಇಂಥ ಮಕ್ಕಳಿಗೆ 18ರವರೆಗೆ ಎರಡು ಪೌರತ್ವ ಇಟ್ಟುಕೊಳ್ಳಲು ಬಿಡುತ್ತದೆ, ಆಮೇಲೆ ಮೂರು ವರ್ಷದಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆದರೆ ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಭಾರತದ ಪ್ರಜೆ ಅಂತ ದಾಖಲಿಸುವಾಗ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕು. ಜಮೀನು ಮಗಳಿಗೆ ಅಂತ ಲೆಕ್ಕ ಹಾಕುತ್ತಿದ್ದರೆ ಅವಳು ಇಂಡೋನೇಷ್ಯಾ ಪ್ರಜೆಯಾಗಿ ಉಳಿಯಬೇಕು. ಇದನ್ನು ಇಬ್ಬರೂ ಕೂತು ಈಗಲೇ ಮಾತಾಡಿ.

ನಿಮ್ಮದೇ ಹೆಸರು ಬೇಕೇ ಬೇಕು ಅಂದರೆ ಹಕ್ ಪಕೈ ಅನ್ನುವ ಬಳಕೆಯ ಹಕ್ಕು ಇದೆ. ವಾಸದ ಪರವಾನಗಿ ಇರುವ ವಿದೇಶಿಗೆ ಮನೆಗಾಗಿ ಕೊಡುತ್ತಾರೆ. 30 ವರ್ಷ, ಆಮೇಲೆ 20, ಮತ್ತೆ 30. ಆದರೆ ಮನೆಗೆ ಸರ್ಕಾರ ಕನಿಷ್ಠ ಬೆಲೆ ಕಟ್ಟಿದೆ, ಹಳ್ಳಿ ಮನೆ ಅಷ್ಟಕ್ಕೆ ಮುಟ್ಟುವುದು ಕಷ್ಟ. ತೋಟಕ್ಕಂತೂ ಬರುವುದೇ ಇಲ್ಲ. ಕಂಪನಿ ತೆರೆದು ಮಾಡಿ ಅನ್ನುವವರ ಮಾತು ಕೇಳಬೇಡಿ. ವಿದೇಶಿ ಬಂಡವಾಳದ ಕಂಪನಿಗೆ 1,000 ಕೋಟಿ ರೂಪಿಯಾಕ್ಕಿಂತ ಮೇಲೆ ಹೂಡಿಕೆಯ ಯೋಜನೆ ತೋರಿಸಬೇಕು. ಮೂರು ಎಕರೆ ಕಾಫಿಗೆ ಅದು ಆಗುವ ಮಾತಲ್ಲ.

ದುಡ್ಡು ತರುವ ದಾರಿಯೂ ಸ್ವಚ್ಛ ಇರಲಿ. ತೋಟ ಮಾರಿದ ದುಡ್ಡು ನಿಮ್ಮ ಎನ್‌ಆರ್‌ಒ ಖಾತೆಯಲ್ಲಿರಬೇಕು, ಅಂದರೆ ಎನ್‌ಆರ್‌ಐಗಳು ಭಾರತದ ಆದಾಯ ಇಡುವ ಬ್ಯಾಂಕ್ ಖಾತೆಯಲ್ಲಿ. ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ, ತೆರಿಗೆಯ ಲೆಕ್ಕ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರದ ಜೊತೆ, ಹೊರಗೆ ತರಬಹುದು. ಯಾರದ್ದೋ ಖಾತೆ ಮೂಲಕ ಕಳಿಸಬೇಡಿ.

ಇನ್ನು ಅಲ್ಲಿಯ ಬದುಕು. ಹೆಂಡತಿಯ ತವರಿನವರಿಗೆ ನೀವು ಆನಕ್ ವಿನ, ಅಂದರೆ ಹೆಣ್ಣು ಪಡೆದವರು. ಅವರು ಆನಕ್ ರೊನ, ಹೆಣ್ಣು ಕೊಟ್ಟವರು, ಅವರ ಸ್ಥಾನ ಮೇಲು. ಅಲ್ಲಿ ವಧುದಕ್ಷಿಣೆ ಗಂಡಿನ ಕಡೆಯಿಂದ ಹೆಣ್ಣಿನ ಕಡೆಗೆ ಹೋಗುತ್ತದೆ, ಮತ್ತು ಅದು ಮದುವೆ ದಿನಕ್ಕೆ ಮುಗಿಯುವುದಿಲ್ಲ. ಮನೆಯಲ್ಲಿ ಸಾವು, ಭಾವಮೈದುನನ ಮದುವೆ, ಸುಗ್ಗಿಯ ಪೆಂತಿ ಹಬ್ಬ, ಏನೇ ಬಂದರೂ ನಿಮ್ಮ ಪಾಲು ಕೇಳುತ್ತಾರೆ. ಕೆಲವರು ಇದನ್ನು ದುಡ್ಡು ಕೀಳುವುದು ಅಂದುಕೊಂಡು ಮುನಿಸಿಕೊಳ್ಳುತ್ತಾರೆ. ಹಾಗಲ್ಲ. ನೀವು ಕೊಟ್ಟಷ್ಟೂ ನಿಮ್ಮ ಜಮೀನಿನ ಬೇಲಿ ಗಟ್ಟಿ, ನಿಮ್ಮ ಪರ ನಿಲ್ಲುವವರೂ ಅವರೇ. ಪ್ರತಿ ವರ್ಷ ಅದಕ್ಕೆ ಅಂತ ಒಂದಷ್ಟು ತೆಗೆದಿಡಿ.

ಅಪ್ಪನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನನಗೆ ನಿಜವಾಗಿ ಚಿಂತೆ ಇದೆ. ಬಾಲಿಯಿಂದ ಲಬುವಾನ್ ಬಾಜೊಗೆ ಒಂದು ಗಂಟೆಯ ವಿಮಾನ, ಅಲ್ಲಿಂದ ರುತೆಂಗ್‌ಗೆ ನಾಲ್ಕು ಗಂಟೆ ಘಾಟಿ ರಸ್ತೆ, ಚಾರ್ಮಾಡಿ ಘಾಟಿಯೇ ಮುಗಿಯದೆ ಮುಂದುವರಿದರೆ ಹೇಗೋ ಹಾಗೆ. ಆಮೇಲೆ ನಿಮ್ಮ ಊರಿಗೆ ಒಂದೂವರೆ ಗಂಟೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ, ಗುಡ್ಡ ಕುಸಿದರೆ ದಾರಿ ಬಂದ್. ರುತೆಂಗ್‌ನಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಆದರೆ ಹೃದಯದ ದೊಡ್ಡ ಚಿಕಿತ್ಸೆಗೆ ದ್ವೀಪ ದಾಟಿಯೇ ಹೋಗಬೇಕು. ಆ ವಿಮಾನವನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. 2024ರ ನವೆಂಬರ್‌ನಲ್ಲಿ ಪೂರ್ವ ಫ್ಲೋರೆಸ್‌ನ ಲೆವೊತೊಬಿ ಜ್ವಾಲಾಮುಖಿ ಸಿಡಿದಾಗ ಬಾಲಿಯ ವಿಮಾನಗಳೂ ನಿಂತುಹೋಗಿದ್ದವು. ಊರು 1,000 ಮೀಟರಿಗಿಂತ ಮೇಲಿದ್ದರೆ ಜುಲೈ ರಾತ್ರಿ ಚಳಿ ಚೆನ್ನಾಗಿ ಕೊರೆಯುತ್ತದೆ. ನಾಯಿ ಕಚ್ಚಿದರೆ ಉದಾಸೀನ ಬೇಡವೇ ಬೇಡ, 1997ರಿಂದ ಫ್ಲೋರೆಸ್‌ನಲ್ಲಿ ರೇಬಿಸ್ ಇದೆ. ಮಗಳಿಗೆ ಮೊದಲೇ ಲಸಿಕೆ ಹಾಕಿಸಿ. ತಿಂಗಳುಗಟ್ಟಲೆ ಅಪ್ಪನನ್ನು ಅಲ್ಲಿ ಇರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಮೇ, ಜೂನ್‌ನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ, ಎರಡು ವಾರ ಕರೆದುಕೊಂಡು ಹೋಗಿ, ವೈದ್ಯರನ್ನು ಕೇಳಿಕೊಂಡು. ಬಂದಿಳಿದಾಗ ಸಿಗುವ ವೀಸಾ 30 ದಿನದ್ದು, ಒಂದು ಸಲ ಇನ್ನೂ 30 ದಿನ ಹೆಚ್ಚಿಸಿಕೊಳ್ಳಬಹುದು. ಅವಧಿ ಮೀರಿದರೆ ದಿನಕ್ಕೆ ಹತ್ತು ಲಕ್ಷ ರೂಪಿಯಾ ದಂಡ.

ಮನೆ ಕಟ್ಟುವಾಗ ಹೆಂಚಿನ ಭಾರ, ದಪ್ಪ ಇಟ್ಟಿಗೆ ಗೋಡೆ ಅಂತ ಮಲೆನಾಡಿನ ಮನೆಯನ್ನು ಅಲ್ಲಿ ಎತ್ತಿ ಇಡಬೇಡಿ. 1992ರ ಡಿಸೆಂಬರ್‌ನಲ್ಲಿ ಫ್ಲೋರೆಸ್‌ನಲ್ಲಿ ಭೂಕಂಪ, ಸುನಾಮಿ ಎರಡೂ ಆಗಿ ಎರಡು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಹಗುರ ಚಾವಣಿ, ಕಾಂಕ್ರೀಟ್ ಕಂಬ ತೊಲೆ ಸರಿಯಾಗಿ ಕಟ್ಟಿದ ಚೌಕಟ್ಟು, ಇಷ್ಟಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಿ.

ಸದ್ಯಕ್ಕೆ ನೀವು ಮಾಡಬೇಕಾದ್ದು ಎರಡೇ. ಮದುವೆಯ ದಾಖಲೆ ನಾಗರಿಕ ನೋಂದಣಿಯಲ್ಲಿ ಇದೆಯಾ ನೋಡಿ. ಆಮೇಲೆ ಜನವರಿಯಲ್ಲಿ, ಸುರಿಯುವ ಮಳೆಯಲ್ಲೇ, ಒಂದು ಸಲ ಊರಿಗೆ ಹೋಗಿ ಬನ್ನಿ. ದಾರಿ ಹೇಗಿದೆ, ತೋಟದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕಾಫಿ ಯಾವ ಕಡೆ ಕೊಳೆಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ದುಡ್ಡಿನ ಮಾತು ಎತ್ತಬೇಡಿ. ಮಾವನವರ ಜೊತೆ ತೋಟದ ಮೇಲಿನ ಅಂಚಿನವರೆಗೆ ನಡೆದು, ಅರಣ್ಯದ ಗಡಿ ಕಲ್ಲು ಎಲ್ಲಿದೆ ಅಂತ ಅವರನ್ನೇ ತೋರಿಸಲು ಹೇಳಿ. ಕಲ್ಲಿನ ಫೋಟೋ ತೆಗೆದು ನನಗೆ ಕಳಿಸಿ, ಅಲ್ಲಿಂದ ಮುಂದಿನದ್ದು ಒಟ್ಟಿಗೆ ನೋಡೋಣ.